ಕೇಳಿಸಿದ ಮೇಲೆ

ವಾದಿರಾಜ ತೀರಿಕೊಂಡ ಸುದ್ದಿ ಬಂದದ್ದು ಕಶ್ಯಪನ ಮುಂಜಿಯ ದಿನ, ಇನ್ನೇನು ಮಾತೃಭೋಜನಕ್ಕೆ ಎಲೆ ಹಾಕಬೇಕು ಅನ್ನುವ ಹೊತ್ತಿಗೆ. ಬಸವನಗುಡಿಯ ಮನೆಯ ಮುಂದೆ ರಸ್ತೆಯ ಅರ್ಧಕ್ಕೆ ಚಪ್ಪರ ಬಂದಿತ್ತು. ಅದರ ಕೆಳಗೆ ಕೂತ ನೆಂಟರು ಆ ವಾರ ಪೋಖ್ರಾನಿನಲ್ಲಿ ಸಿಡಿಸಿದ ಬಾಂಬಿನ ಮಾತಾಡುತ್ತಿದ್ದರು. ಓಲಗದವರು ಬಾಗಿಲಲ್ಲೇ ಕೂತು ಊದುತ್ತಿದ್ದರು. ನಡುಮನೆಯ ಗೂಡಿನಲ್ಲಿದ್ದ ಫೋನು ಎಷ್ಟು ಹೊತ್ತಿನಿಂದ ಹೊಡೆದುಕೊಳ್ಳುತ್ತಿತ್ತೋ, ಯಾರೂ ಎತ್ತಿರಲಿಲ್ಲ. ಮಡಿಯಲ್ಲಿದ್ದ ಬದರೀನಾರಾಯಣರಾಯರೇ ಎಡಗೈಯಲ್ಲಿ ಎತ್ತಿ ಕಿವಿಗೆ ಹಿಡಿದರು.

"ದೊಡ್ಡಪ್ಪ? ನಾನು ತನ್ಮಯಿ. ಅಪ್ಪ ಹೋದ."

ತನ್ಮಯಿ ರಾಯರ ತಮ್ಮ ವಾದಿರಾಜನ ಒಬ್ಬಳೇ ಮಗಳು. ನಾರ್ವೆ ದೇಶದ ಬರ್ಗೆನ್ ಎಂಬ ಕಡಲೂರಲ್ಲಿ ಹುಟ್ಟಿ ಅಲ್ಲೇ ಬೆಳೆದವಳು, ಅಲ್ಲಿಯವಳೇ ಆದ ತಾಯಿಯನ್ನು ಸಣ್ಣವಳಿದ್ದಾಗಲೇ ಕಳೆದುಕೊಂಡವಳು. ಅವಳ ಕನ್ನಡ ಅಪ್ಪನೊಬ್ಬನಿಂದ ಬಂದದ್ದು. ಅಪ್ಪ ಮಗುವಿನ ಜೊತೆ ಆಡುವ ಕನ್ನಡವಾದ್ದರಿಂದ ಅದರಲ್ಲಿ ಬಹುವಚನವೇ ಇರಲಿಲ್ಲ. ಅಪ್ಪ ಹೋದ. ಹೋದರು ಅಲ್ಲ, ತೀರಿಕೊಂಡರು ಅಲ್ಲ. ಗಾಂಧಿಬಜಾರಿಗೋ ಎಲ್ಲಿಗೋ ಚೀಲ ಹಿಡಿದು ಹೊರಟಹಾಗೆ, ಹೋದ.

"ರಾಮ ರಾಮ" ಎಂದು ರಾಯರ ಬಾಯಿಂದ ಬಂತು. ಬಂದಮೇಲೆ ತಲೆ ಎತ್ತಿ ನೋಡಿದರು. ಎದುರಿಗೆ ಸೊಸೆ ಬೆಳ್ಳಿ ತಟ್ಟೆ ಹಿಡಿದು ನಿಂತಿದ್ದಳು. ಮೊಮ್ಮಗ ಕಶ್ಯಪ ರೇಷ್ಮೆ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದು ಕಳಚುತ್ತದೆಂಬ ಹೆದರಿಕೆಯಲ್ಲಿ ನಗುತ್ತಿದ್ದ. ಸಾವಿನ ಸುದ್ದಿ ದಾಯಾದಿಯ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ, ಬೀಳುವವರೆಗೆ ಇಲ್ಲ. ರಾಯರು ಫೋನಿನೊಳಕ್ಕೆ ಬಾಯಿಟ್ಟು, "ಕೇಳಿಸ್ತಾ ಇಲ್ಲಮ್ಮ. ಏನೂ ಕೇಳಿಸ್ತಾ ಇಲ್ಲ. ಸಂಜೆ ಮಾಡು" ಅಂದರು. ಆ ಕಡೆಯಿಂದ ಹುಡುಗಿ ದನಿ ಎತ್ತರಿಸಿ, "ಅಪ್ಪ ಹೋದ! ದೊಡ್ಡಪ್ಪ, ಅಪ್ಪ ಹೋಗ್ಬಿಟ್ಟ!" ಎಂದು ಕೂಗಿದಳು. ಇನ್ನೂ ಎತ್ತರಿಸಿ ಮತ್ತೆ ಕೂಗಿದಳು. ಕೊನೆಯಲ್ಲಿ ಗಂಟಲು ಒಡೆದು ಬರೀ ಗಾಳಿ ಬಂತು. ರಾಯರು ಫೋನನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಳಿಸುವಹಾಗೆ, ಇಟ್ಟುಬಿಟ್ಟರು.

"ಯಾರೂಂದ್ರೆ ಅದು?" ಎಂದು ಒಳಗಿನಿಂದ ಹೆಂಡತಿ ತುಳಸಮ್ಮ ಕೇಳಿದರು.

"ಯಾರೋ. ರಾಂಗ್ ನಂಬರು."

ಹಿತ್ತಲ ಬಚ್ಚಲಿಗೆ ಹೋಗಿ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಎರಡು ತಂಬಿಗೆ ನೀರು ಸುರಿದುಕೊಂಡು ಬಂದರು. ಯಾರೋ ಮೈಲಿಗೆಯವರು ತಗಲಿದರು ಎಂದು ಹೇಳಿದರು. ಮುಂಜಿ ಸಾಂಗವಾಗಿ ಮುಗಿಯಿತು. ಬ್ರಹ್ಮೋಪದೇಶದ ಹೊತ್ತಿನಲ್ಲಿ ಮೊಮ್ಮಗನ ಮೇಲೆ ಮಡಿಬಟ್ಟೆ ಮುಚ್ಚಿ ಗಾಯತ್ರಿ ಹೇಳಿಕೊಡುವಾಗ ಅವನಪ್ಪನ ಮಗ್ಗುಲಲ್ಲಿ ಕೂತು ಅಕ್ಷರ ಅಕ್ಷರ ಕೇಳಿಸಿಕೊಂಡರು. ಹೋಳಿಗೆ ಉಂಡರು. ಸಂಜೆ ಫೋನು ಮತ್ತೆ ಬಂತು. ಆಗ ಕೇಳಿಸಿತು. ಇನ್ನೊಂದು ಸಲ ಸ್ನಾನ ಮಾಡಿದರು. ತುಳಸಮ್ಮ ಗೋಡೆಗೆ ಒರಗಿ ಅಳುತ್ತಾ ಒಮ್ಮೆ ಕಣ್ಣೆತ್ತಿ ಗಂಡನನ್ನು ನೋಡಿದ್ದು, ನೋಡಿ ಏನೂ ಕೇಳದೆ ಇದ್ದದ್ದು, ಇವೆರಡೂ ರಾಯರಿಗೆ ಮರೆಯಲಿಲ್ಲ.

ಬರ್ಗೆನ್ನಿಗೆ ಹೊರಟ ವಿಮಾನ ಮೋಡದೊಳಕ್ಕೆ ಇಳಿಯುತ್ತಿದ್ದಾಗ ರಾಯರ ಎರಡೂ ಕಿವಿ ಅಡಚಿಕೊಂಡವು. ಮೊದಲು ನೋವು, ಆಮೇಲೆ ನೀರಿನಲ್ಲಿ ಮುಳುಗಿದ ಹಾಗೆ ಒಂದು ದಪ್ಪ ಮೌನ. ಪಕ್ಕದ ಹೆಂಗಸು ತುಟಿ ಅಲ್ಲಾಡಿಸಿ ಏನೋ ಹೇಳಿ ಪೆಪ್ಪರಮೆಂಟು ಕೊಟ್ಟಳು. ಚಪ್ಪರಿಸಿದರು, ಎಂಜಲು ನುಂಗಿದರು, ಮೂಗು ಹಿಡಿದು ಊದಿದರು. ಕಿವಿ ಬಿಡಲಿಲ್ಲ. ಕೆಳಗೆ ಬೂದಿ ಬಣ್ಣದ ನೀರು, ನೀರಿನಲ್ಲಿ ಕರಿಯ ಬಂಡೆಗಳು, ಬಂಡೆಗಳ ಮೇಲೆ ಮಳೆ. ಇವರು ಹೊರಡುವಾಗ ಕಾರ್ತೀಕ ಹುಟ್ಟಿತ್ತು. ದೊಡ್ಡ ಬಸವನ ಗುಡಿಯ ಮೆಟ್ಟಿಲ ಮೇಲೆ ಹೆಂಗಸರು ಹಣತೆ ಹಚ್ಚುತ್ತಿದ್ದರು. ವೈಶಾಖದಲ್ಲಿ ಸತ್ತ ತಮ್ಮನನ್ನು ನೋಡಲು ಕಾರ್ತೀಕದಲ್ಲಿ ಹೊರಟ ಅಣ್ಣ. ಪಾಸ್‌ಪೋರ್ಟು ಆಗಬೇಕಿತ್ತು ನಿಜ. ಕಣ್ಣಿನ ಪೊರೆ ತೆಗೆಸಬೇಕಿತ್ತು, ಅದೂ ನಿಜ. ಚಾತುರ್ಮಾಸ್ಯ ಮುಗಿಯಲಿ ಅಂದದ್ದು ಯಾವ ಯತಿಗೆ ಬೇಕಾದ ನಿಯಮವೋ. ತನ್ಮಯಿ ಮಾತ್ರ ಫೋನು ಮಾಡಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನೀನು ಬರೋವರೆಗೂ ಅಪ್ಪನ್ನ ಇಟ್ಕೊಂಡಿರ್ತೀನಿ ದೊಡ್ಡಪ್ಪ. ಅಣ್ಣ ಬಂದು ಏನಾದ್ರೂ ಹೇಳ್ಲಿ, ಆಮೇಲೆ ನೀರಿಗೆ ಬಿಡು ಅಂದಿದ್ದ."

ಏನು ಹೇಳುವುದು? ಹತ್ತನೆಯ ದಿನ ಶ್ರೀರಂಗಪಟ್ಟಣದ ನದಿ ದಂಡೆಯಲ್ಲಿ ದರ್ಭೆಯನ್ನೇ ದೇಹವೆಂದು ಭಾವಿಸಿ ಎಲ್ಲ ಕರ್ಮವನ್ನೂ ರಾಯರು ಮಾಡಿದ್ದರು. ಹೇಳಬೇಕಾದ ಮಂತ್ರಗಳನ್ನೆಲ್ಲ ಹೇಳಿದ್ದರು. ಒಂದೂ ಒಳಗಿನಿಂದ ಹೊರಟಿರಲಿಲ್ಲ. ವೈಕುಂಠ ಸಮಾರಾಧನೆಯ ದಿನ ತಾಂಬೂಲ ಮೆಲ್ಲುತ್ತಾ ಕೂತ ಪುರೋಹಿತ ಶೀನಣ್ಣ, "ದೇವರು ದೊಡ್ಡವನು ರಾಯರೇ, ಸುದ್ದಿ ಸಂಜೆಗೆ ಬಂತು" ಅಂದಿದ್ದ. ಅಂದವನು ಅಲ್ಲಿಗೆ ಬಿಡದೆ, "ಬೆಳಿಗ್ಗೆಯೇ ಬಂದಿದ್ರೂ ಬಾಧಕ ಇರ್ಲಿಲ್ಲ ಅನ್ನಿ. ಹಿಂದಿನ ದಿನವೇ ನಾಂದಿ ಆಗಿತ್ತಲ್ಲ. ನಾಂದಿ ಇಟ್ಟ ಮೇಲೆ ಸೂತಕ ಎಲ್ಲಿ ಬಂತು? ಸಂಸ್ಕೃತದ ಮೇಷ್ಟ್ರು, ನಿಮಗೆ ನಾನು ಹೇಳ್ಬೇಕೆ?" ಎಂದು ನಕ್ಕಿದ್ದ. ರಾಯರು ದಕ್ಷಿಣೆಯ ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದ್ದರು. ಚಾಮರಾಜಪೇಟೆಯ ಶಾಲೆಯಲ್ಲಿ ಮೂರು ತಲೆಮಾರಿಗೆ ಪಾಠ ಹೇಳಿದವರು, ಊರಿಗೆಲ್ಲ ಮುಹೂರ್ತ ಮೈಲಿಗೆ ತಿಳಿಸಿ ಹೇಳುವವರು, ಆ ಒಂದು ನಿಯಮ ಮರೆತರೆ? ಮರೆತಿರಲಿಲ್ಲ. ಅದನ್ನು ನೆನೆಸಿಕೊಳ್ಳಲು ಮನಸ್ಸೇ ಹೋಗಿರಲಿಲ್ಲ. ಫೋನಿನಲ್ಲಿ ಆ ಮಾತು ಕೇಳಿದೊಡನೆ ಮನಸ್ಸಿನಲ್ಲಿ ಮೊದಲು ಎದ್ದದ್ದು ದುಃಖವಲ್ಲ, 'ಇವನಿಗೆ ಇವತ್ತೇ ಆಗಬೇಕಿತ್ತೇ' ಎಂಬ ಸಿಡುಕು. ಸಣ್ಣವನಿದ್ದಾಗ ಊಟಕ್ಕೆ ಎಲೆ ಹಾಕಿದ ಮೇಲೆ ನೀರು ಕೇಳುತ್ತಿದ್ದ ತಮ್ಮನ ಮೇಲೆ ಬರುತ್ತಿದ್ದಂಥದೇ ಸಿಡುಕು.

ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಏನೋ ಕೇಳಿದ. ರಾಯರಿಗೆ ಕೇಳಿಸಲಿಲ್ಲ. ಅವನು ಮತ್ತೆ ಕೇಳಿದ. ರಾಯರು ಕಿವಿಯ ಕಡೆ ಕೈ ತೋರಿಸಿ ನಕ್ಕರು. ಹಿಂದಿನ ಸಾಲಿನವರೆಲ್ಲ ತಮ್ಮ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ನಗು ಅರ್ಧಕ್ಕೆ ನಿಂತಿತು. ಅವನು ಒಂದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗಾಜಿಗೆ ಒತ್ತಿ ಹಿಡಿದ: ಏಕೆ ಬಂದಿರಿ? ರಾಯರು ಅದನ್ನು ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲೇ, "ತಮ್ಮ" ಅಂದರು. ಕಿವಿ ಮುಚ್ಚಿದ್ದರಿಂದ ದನಿ ಎಷ್ಟು ದೊಡ್ಡದಾಯಿತೆಂದು ತಿಳಿಯಲಿಲ್ಲ. ಆಚೆಯ ಸಾಲಿನವರೂ ತಿರುಗಿ ನೋಡಿದರು. ಸುಂಕದವರು ಪೆಟ್ಟಿಗೆ ತೆಗೆಸಿ ದರ್ಭೆಯ ಕಟ್ಟನ್ನು ಎತ್ತಿ ಹಿಡಿದು, ಅವರೂ ಚೀಟಿಯ ಮೇಲೆ ಬರೆದೇ ಕೇಳಿದರು. ಇದೇನು? ಹುಲ್ಲು. ಏನು ಬೆಳೆಯುತ್ತೀರಿ ಇದರಲ್ಲಿ? ಏನೂ ಇಲ್ಲ. ಎಳ್ಳಿನ ಪೊಟ್ಟಣವನ್ನು ಮೂಸಿ ನೋಡಿದರು. ಗಂಗೆಯ ಸಣ್ಣ ತಾಮ್ರದ ಗಿಂಡಿಯನ್ನು ಅಲ್ಲಾಡಿಸಿ ಕಿವಿಗೆ ಹಿಡಿದರು. ತುಳಸಮ್ಮ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗಿಂಡಿ. ಮಂಡಿನೋವಿನಿಂದ ತಾವು ಬರಲಾರದೆ, ಬಾಗಿಲಲ್ಲಿ ನಿಂತು, "ಅಲ್ಲಿಗೆ ಹೋಗಿಯಾದ್ರೂ ಬಾಯಿಬಿಟ್ಟು ಅತ್ತುಬಿಡಿ. ಇಲ್ಲಂತೂ ಅಳಲಿಲ್ಲ" ಅಂದಿದ್ದರು. ಎಲ್ಲವನ್ನೂ ಎಲ್ಲಿಂದ ತೆಗೆದರೋ ಅಲ್ಲಿಗೇ ಇಟ್ಟು, ಆ ಹುಡುಗರು ಮರ್ಯಾದೆಯಿಂದಲೇ ಹೋಗಿ ಎಂದು ಕೈ ತೋರಿದರು. ಆ ಮರ್ಯಾದೆಯೇ ಹೆಚ್ಚು ಚುಚ್ಚಿತು.

ಹೊರಗೆ ಕರಿಯ ಕೋಟು ತೊಟ್ಟು ನಿಂತಿದ್ದ ಎತ್ತರದ ಹೆಂಗಸಿಗೆ ರಾಯರ ತಾಯಿಯ ಮೂಗು ಇತ್ತು. ತುದಿಯಲ್ಲಿ ಸ್ವಲ್ಪ ಬಾಗಿದ, ಸದಾ ಏನೋ ವಾಸನೆ ಹಿಡಿಯುವಂತಿದ್ದ ಮೂಗು. ಅಷ್ಟು ಬಿಳಿಯ ಮುಖದಲ್ಲಿ ಅದನ್ನು ಯಾರೋ ತಂದು ಮರೆತುಹೋದಹಾಗಿತ್ತು. ಅವಳು ಒದ್ದೆ ನೆಲದ ಮೇಲೇ ಮಂಡಿಯೂರಿ ನಮಸ್ಕಾರ ಮಾಡಿದಳು. ಜನ ಸುತ್ತು ಹಾಕಿಕೊಂಡು ಹೋದರು. ಎದ್ದು ಏನೋ ಹೇಳಿದಳು.

"ಕಿವಿ ಅಡಚಿಕೊಂಡಿದೆ ಮಗು. ಏನೂ ಕೇಳಿಸ್ತಾ ಇಲ್ಲ."

ಅಂದಮೇಲೆ ತಾವು ಆಡಿದ್ದು ಯಾವ ಮಾತು ಅನ್ನುವುದು ರಾಯರಿಗೆ ತಿಳಿಯಿತು. ತನ್ಮಯಿ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಿ, ಅವರ ಬಲಗಿವಿಗೆ ಬಾಯಿ ತಗಲುವಷ್ಟು ಹತ್ತಿರ ಬಂದು ಗಟ್ಟಿಯಾಗಿ ಕೇಳಿದಳು:

"ಈಗ ನಿಜವಾಗ್ಲೂ ಕೇಳಿಸ್ತಿಲ್ವಾ?"

ಈಗ. ನಿಜವಾಗ್ಲೂ. ಕಾರು ಸುರಂಗಗಳ ಒಳಹೊಕ್ಕು ಹೊರಬರುತ್ತಿದ್ದಷ್ಟು ಹೊತ್ತೂ ರಾಯರು ಆ ಎರಡು ಮಾತನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವಳಿಗೆ ಗೊತ್ತೇ? ಇಲ್ಲ, ಅವಳ ಕನ್ನಡವೇ ಅಷ್ಟು, ಮಾತಿಗೆ ಮಾತು ಸೇರಿಸುವಾಗ ಒಂದು ಹೆಚ್ಚು ಒಂದು ಕಡಿಮೆ. ಗೊತ್ತಿದ್ದರೆ ಇಷ್ಟು ತಿಂಗಳು ಕರೆಯುತ್ತಿದ್ದಳೇ, ಬೂದಿಯನ್ನು ಕಾಯ್ದಿಟ್ಟುಕೊಂಡು? ಗೊತ್ತಿದ್ದೇ ಕರೆದಿರಬಹುದು. ಬರಲಿ, ಎದುರಿಗೆ ಕೂರಿಸಿಕೊಂಡು ಕೇಳೋಣ ಎಂದು. ಕೇಳಿದರೆ ಏನು ಹೇಳುವುದು, ನಾಂದಿಯ ಶಾಸ್ತ್ರವನ್ನೇ? ಕೇಳದೆ ಇದ್ದುಬಿಟ್ಟರೆ? ಆಗ ಈ ಕೈಯಲ್ಲಿ ಎಳ್ಳುನೀರು ಬಿಟ್ಟರೆ ಅವನಿಗೆ ಮುಟ್ಟುತ್ತದೆಯೇ? ಸಾವನ್ನೇ ಕೇಳಿಸಿಕೊಳ್ಳದವನು ಕೊಟ್ಟ ನೀರನ್ನು ಸತ್ತವನು ಹೇಗೆ ತೆಗೆದುಕೊಂಡಾನು?

ಊರು ಬಂತು. ಬೆಟ್ಟಗಳ ತಳದಲ್ಲಿ, ನೀರಿನ ಅಂಚಿಗೆ ಒತ್ತಿಕೊಂಡು ನಿಂತ ಮರದ ಮನೆಗಳು, ಕೆಂಪು, ಹಳದಿ, ಬಿಳಿ. ಹಗಲೇ ಆದರೂ ಪ್ರತಿ ಕಿಟಕಿಯಲ್ಲೂ ಒಂದು ದೀಪ. ಜನ ಕೊಡೆಯೂ ಇಲ್ಲದೆ ಮಳೆಯಲ್ಲಿ ತಮ್ಮ ಪಾಡಿಗೆ ನಡೆಯುತ್ತಿದ್ದರು. ಹಡಗುಗಳು ತಂಗುವ ದಕ್ಕೆಯ ಹತ್ತಿರ ಕಾರು ನಿಂತಾಗ ಮೀನಿನ ಸಂತೆಯ ವಾಸನೆ ಒಳಗೆ ಬಂತು. ರಾಯರು ಉಸಿರು ಬಿಗಿಹಿಡಿದರು. ಹಿಡಿದದ್ದನ್ನು ಅವಳು ಕಂಡಳು ಅನ್ನಿಸಿ ಮೆಲ್ಲಗೆ ಬಿಟ್ಟರು. ಹಡಗುಗಳ ಹಗ್ಗ ಅಲ್ಲಾಡುತ್ತಿತ್ತು, ಕಡಲಹಕ್ಕಿಗಳು ಕೊಕ್ಕು ತೆರೆದು ಮುಚ್ಚುತ್ತಿದ್ದವು. ಸದ್ದು ಮಾತ್ರ ಇಲ್ಲ. ಕಿವಿ ಮುಚ್ಚಿದವನಿಗೆ ಊರಿಗೆ ಊರೇ ತನ್ನಿಂದ ಏನನ್ನೋ ಬಚ್ಚಿಡುತ್ತಿರುವಹಾಗೆ ತೋರುತ್ತದೆ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಒಂದು ಸಲ, ವಾದಿರಾಜ ರಜಕ್ಕೆ ಬಂದಿದ್ದಾಗ, ಬಸ್ಸುಗಳ ಹಾರನ್ನು, ಹೊರೆಯವರ ಕೂಗು, ಸೇವಂತಿಗೆ ಮಾರುವವರ ಜಗಳ, ಇವುಗಳ ನಡುವೆ ಅವನು ತಟ್ಟನೆ ನಿಂತು ಕಣ್ಣು ಮುಚ್ಚಿ, "ಅಣ್ಣ, ಹಿಂದೆ ಯಾರೋ ನಿನ್ನ ಕರೀತಿದಾರೆ" ಅಂದಿದ್ದ. "ನಿನ್ನ ತಲೆ. ಇಲ್ಲಿ ನನ್ನ ಮಾತೇ ನನಗೆ ಕೇಳಿಸ್ತಿಲ್ಲ" ಎಂದು ರಾಯರು ಗದರಿದ್ದರು. ಅಷ್ಟರಲ್ಲಿ ಜನದ ನಡುವಿನಿಂದ ಹಳೆಯ ಶಿಷ್ಯ ಲಕ್ಷ್ಮಯ್ಯ ಬೆವರು ಒರೆಸಿಕೊಳ್ಳುತ್ತಾ ಬಂದು, "ಮೇಷ್ಟ್ರೇ, ಎಷ್ಟು ಕೂಗೋದು ನಿಮ್ಮನ್ನ!" ಅಂದ. ವಾದಿರಾಜ ಹಡಗಿನಲ್ಲಿ ರೇಡಿಯೋ ಆಪರೇಟರು. ಚಾಮರಾಜಪೇಟೆಯ ಬಾಡಿಗೆ ಮನೆಯ ಅಟ್ಟದಲ್ಲಿ ತಂತಿ ಸುತ್ತಿ ಸುತ್ತಿ ಅಪ್ಪನ ಕೈಲಿ ಏಟು ತಿಂದವನು, ಕೊನೆಗೆ ನಾರ್ವೆಯವರ ಹಡಗು ಹತ್ತಿದ. ವರ್ಷಗಟ್ಟಲೆ ಕಿವಿಗೆ ಯಂತ್ರ ಕಟ್ಟಿಕೊಂಡು ಕಡಲಿನ ಗದ್ದಲದೊಳಗಿಂದ ಯಾರ ಯಾರದೋ ಕೂಗನ್ನು ಹೆಕ್ಕಿ ತೆಗೆಯುವುದೇ ಅವನ ಕಸುಬು. "ನಮ್ಮಲ್ಲಿ ಒಂದೇ ಧರ್ಮ ಅಣ್ಣ" ಅಂದಿದ್ದ ಆ ಹೊತ್ತು, ಲಕ್ಷ್ಮಯ್ಯ ಕೊಡಿಸಿದ ಎಳನೀರು ಕುಡಿಯುತ್ತಾ. "ಕೇಳಿಸಿದ ಮೇಲೆ ಕೇಳಿಸಿತು ಅಂತ ಹೇಳ್ಬೇಕು. ಸಹಾಯ ಮಾಡೋಕೆ ಆಗುತ್ತೋ ಇಲ್ವೋ ಆಮೇಲಿನ ಮಾತು. ಕೂಗಿದೋನಿಗೆ ಯಾರಿಗೋ ಕೇಳಿಸಿತು ಅಂತ ಗೊತ್ತಾಗ್ಬೇಕು. ಅಷ್ಟೆ."

ಮನೆ ಏರಿನ ಮೇಲಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಗಾಂಧಿಬಜಾರಿನ ಕ್ಯಾನ್‌ವಾಸು ಬೂಟಿನೊಳಕ್ಕೆ ನೀರು ನುಗ್ಗಿ ಕಾಲು ಮರಗಟ್ಟಿತ್ತು. ತನ್ಮಯಿ ಬೂಟು ಬಿಚ್ಚಿಸಿ ಅಪ್ಪನ ಉಣ್ಣೆಯ ಕಾಲುಚೀಲ ತಂದು ತಾನೇ ಹಾಕಿದಳು. ರಾಯರು ಬೇಡವೆನ್ನುವಷ್ಟರಲ್ಲಿ ಸತ್ತ ತಮ್ಮನ ಕಾಲುಚೀಲದೊಳಗೆ ಅವರ ಕಾಲು ಬೆಚ್ಚಗಾಗಿಹೋಗಿತ್ತು. ಸ್ನಾನ ಸಂಧ್ಯೆ ಮುಗಿಸಿ ಬಂದರೆ ಮೇಜಿನ ಮೇಲೆ ಅನ್ನ, ಸಾರು, ಆಲೂಗಡ್ಡೆ ಪಲ್ಯ. ಪಾತ್ರೆಗಳು ಹೊಸವು. ಒಂದರ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿತ್ತು.

"ನನಗೋಸ್ಕರ ಹೊಸದು ತಂದ್ಯಾ?" ಎಂದು ಕೇಳಿದರು.

"ನಾನಲ್ಲ, ಅಪ್ಪ ತಂದ." ಅವಳು ಕಿವಿಯ ಹತ್ತಿರ ಕೂಗುತ್ತಿದ್ದಳು. "ನಾನು ಸ್ಕೂಲಿಗೆ ಹೋಗ್ತಿದ್ದಾಗ. ಅಣ್ಣ ಬರ್ತಾನೆ, ನಮ್ಮ ಪಾತ್ರೇಲಿ ಉಣ್ಣಲ್ಲ, ಮೀನು ತಗುಲಿರುತ್ತೆ ಅಂದ. ನೀನು ಬರ್ಲಿಲ್ಲ. ಮೇಲೆ ಎತ್ತಿಟ್ಟ. ಮುಟ್ಟಿದ್ರೆ ಬೈತಿದ್ದ. ಕೂತ್ಕೋ. ಉಣ್ಣು."

ರಾಯರು ಕೂತರು. ಅಷ್ಟು ವರ್ಷ ಅಟ್ಟದ ಮೇಲೆ ಕಾಯುತ್ತಾ ಕೂತ ತಟ್ಟೆ. ಆಗ ಬರಲಾಗದ್ದಕ್ಕೆ ಏನು ಕಾರಣ ಕೊಟ್ಟಿದ್ದರೋ ಈಗ ನೆನಪಿಗೇ ಬರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಹುಣಿಸೆಯ ಬದಲು ನಿಂಬೆ ಬಿದ್ದಿತ್ತು. ಆದರೂ ಅದು ಅವರ ತಾಯಿಯ ಕೈಯ ಸಾರೇ ಆಗಿತ್ತು, ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುತ್ತಾ ಅರ್ಧ ಮರೆತ ಹಾಡಿನಹಾಗೆ. "ಅಪ್ಪನ್ನ ಎಲ್ಲಿಟ್ಟಿದೀಯ ಮಗು?" ಎಂದು ಮೆಲ್ಲಗೆ ಕೇಳಿದರು. ಅವಳು ಸೌಟು ಹಿಡಿದ ಕೈಯಿಂದಲೇ ಗೋಡೆಯ ಕಡೆ ತೋರಿಸಿದಳು. ಊಟದ ಮೇಜಿನಿಂದ ಒಂದು ಮಾರು ದೂರಕ್ಕೆ, ಹಲಗೆಯ ಮೇಲೆ, ಮುಚ್ಚಳವಿದ್ದ ಬೂದು ಬಣ್ಣದ ಕರಂಡ. "ಅಲ್ಲೇ ಇದಾನಲ್ಲ, ಗಡಿಯಾರದ ಕೆಳಗೆ." ಅಸ್ಥಿಯ ಎದುರಿಗೆ ಕೂತು ಉಂಡಿದ್ದರು. ಎದ್ದು ಕೈತೊಳೆಯಬೇಕು, ಎಂದಿತು ಒಂದು ಬುದ್ಧಿ. ಏಳಲಿಲ್ಲ. ಇನ್ನೊಂದು ತುತ್ತು ಕಲಸಿದರು.

ಕರಂಡದ ಮೇಲೆ ತೂಗುತ್ತಿದ್ದ ಗಡಿಯಾರ ಹಡಗಿನದು, ಹಿತ್ತಾಳೆಯ ಕಟ್ಟು. ಅದರ ಮುಖದ ಮೇಲೆ ಎರಡು ಕಡೆ ಕಲ್ಲಂಗಡಿಯ ಹೋಳಿನಂಥ ಕೆಂಪು ಬಣ್ಣ ಬಳಿದಿತ್ತು. ಇನ್ನೂ ಎರಡು ಕಡೆ ಹಸಿರು. ತನ್ಮಯಿ ಇನ್ನೊಂದು ಸೌಟು ಅನ್ನ ಹಾಕಲು ಬಂದವಳು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಬಾಯಿ ಮುಚ್ಚಿಕೊಂಡಳು. ಕದಲಲೂ ಇಲ್ಲ. ಏನಾಯಿತೆಂದು ರಾಯರು ಗಾಬರಿಯಾದರು. ಅವಳು ಒಂದು ಬೆರಳೆತ್ತಿ ಗಡಿಯಾರ ತೋರಿಸಿದಳು. ದೊಡ್ಡ ಮುಳ್ಳು ಕೆಂಪು ಹೋಳಿನೊಳಕ್ಕೆ ಕಾಲಿಟ್ಟಿತ್ತು. ಅದು ಹೊರಗೆ ಬಂದಮೇಲೆ ಅನ್ನ ಹಾಕಿ, ಕಿವಿಗೆ ಬಗ್ಗಿ ಹೇಳಿದಳು. ಹಡಗಿನ ರೇಡಿಯೋದವರೆಲ್ಲ ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ, ಇಡೀ ಸಮುದ್ರದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಎಲ್ಲೋ ಮುಳುಗುತ್ತಿರುವವನ ಸಣ್ಣ ಕೂಗು ಆಗಲಾದರೂ ಕೇಳಿಸಲಿ ಎಂದು. "ಅಪ್ಪ ಕೆಲಸ ಬಿಟ್ಟ್ ಮೇಲೂ ಮನೇಲಿ ಹಂಗೇ ಮಾಡ್ತಿದ್ದ. ನನ್ನ ಜೊತೆ ಜಗಳ ಆಡ್ತಾ ಆಡ್ತಾ ಕೆಂಪು ಬಂದ್ರೆ ಸುಮ್ಮನೆ ಆಗ್ಬಿಡೋನು. ಕೆಂಪು ಮುಗೀತು, ಮತ್ತೆ ಜಗಳ." ನಕ್ಕಳು. ನಗು ಕೇಳಿಸಲಿಲ್ಲ, ಕಂಡಿತು. "ನನಗೂ ಅಭ್ಯಾಸ ಆಗ್ಬಿಟ್ಟಿದೆ."

ಅಸ್ಥಿಯನ್ನು ನೀರಿಗೆ ಬಿಡಲು ದೋಣಿ ಗೊತ್ತುಮಾಡಿದ್ದು ಮರುದಿನಕ್ಕೆ. ಆದರೆ ಬಂದ ದಿನವೇ ಅಪರಾಹ್ಣದಲ್ಲಿ ಒಂದು ಬೊಗಸೆ ಎಳ್ಳುನೀರು ಬಿಟ್ಟುಬಿಡಬೇಕೆಂದು ರಾಯರು ಬೆಂಗಳೂರಿನಿಂದಲೇ ಸಂಕಲ್ಪ ಮಾಡಿಕೊಂಡು ಬಂದಿದ್ದರು. ಪಿತೃಕಾರ್ಯಕ್ಕೆ ಅಪರಾಹ್ಣವೇ ಸರಿಯಾದ ಹೊತ್ತು, ಸೂರ್ಯ ಇಳಿದಮೇಲೆ ಇಲ್ಲ. ಊಟದ ಮೇಲೆ ತಾವಿದ್ದ ಕುರ್ಚಿಯಲ್ಲೇ ಕಣ್ಣು ಹತ್ತಿತು. ಎದ್ದು, ದರ್ಭೆ, ಎಳ್ಳು, ಗಿಂಡಿ ಹಿಡಿದು, ತಮ್ಮನ ದಪ್ಪ ಕೋಟು ಹೊದ್ದು ತನ್ಮಯಿಯ ಜೊತೆ ಕೆಳಗಿಳಿದರು. ಇಳಿಯುತ್ತಿದ್ದಹಾಗೆ ಬೀದಿಯ ದೀಪಗಳು ಹತ್ತಿಕೊಂಡವು. ದಡಕ್ಕೆ ಬರುವಾಗ ನೀರಿಗೂ ಆಕಾಶಕ್ಕೂ ಒಂದೇ ಬಣ್ಣ, ಸೀಸದ ಬಣ್ಣ.

"ಸೂರ್ಯ ಯಾವ ಕಡೆ ಇದಾನೆ ಮಗು?"

"ಮಲಗ್ದ" ಎಂದು ಕೂಗಿದಳು.

"ಇಷ್ಟು ಬೇಗ?"

"ಇಲ್ಲಿ ಅವನಿಗೆ ಕೆಲಸ ಕಮ್ಮಿ. ಅಪ್ಪ ಹೇಳ್ತಿದ್ದ, ಗೌರ್ಮೆಂಟ್ ಆಫೀಸಿನೋನು ಅಂತ."

ರಾಯರು ಪಾಚಿ ಕಟ್ಟಿದ ಕಲ್ಲಿನ ಮೇಲೆ ನಿಂತರು. ಬೆಂಗಳೂರಿನಲ್ಲಾದರೆ ಸಂಜೆಯ ಕಾಫಿಗೆ ನೀರಿಡುವ ಹೊತ್ತು, ಇಲ್ಲಿ ಕತ್ತಲೆ. ದಕ್ಷಿಣ ಯಾವುದು? ಬಲಗಡೆ ಇರಬಹುದು. ಕತ್ತಲಾದಮೇಲೆ ಕೊಟ್ಟ ನೀರು ಪಿತೃಗಳಿಗೆ ಸೇರುವುದಿಲ್ಲ ಎಂದು ಅವರೇ ಊರಿಗೆಲ್ಲ ಹೇಳಿದ್ದರು. ನೀರು ಬಿಡುವ ಮೊದಲೇ ಉಂಡು, ಕುರ್ಚಿಯಲ್ಲಿ ನಿದ್ದೆ ಮಾಡಿದರಲ್ಲ, ತಮ್ಮನಿಗೆ ನೀರು ಕೊಡುವ ಹೊತ್ತಿನಲ್ಲಿ. ವೈಶಾಖದಲ್ಲಿ ಹೋಳಿಗೆ, ಕಾರ್ತೀಕದಲ್ಲಿ ನಿದ್ದೆ. ಗಿಂಡಿಯ ಮುಚ್ಚಳ ತೆಗೆಯಲು ಹೋದರು. ಬೆರಳುಗಳು ಚಳಿಗೆ ಸೆಟೆದು ಮುಚ್ಚಳ ತಿರುಗಲಿಲ್ಲ. ತನ್ಮಯಿ ಕೈಚಾಚಿದಳು. ಕೊಡಲಿಲ್ಲ. ಅಲೆ ಬಂದು ಬೂಟಿಗೆ ಹೊಡೆಯಿತು. ಒಬ್ಬ ಮುದುಕ ನಾಯಿ ಹಿಡಿದು ಹೋಗುತ್ತಿದ್ದವನು ನಿಂತು, ಹುಲ್ಲು ಹಿಡಿದ ಈ ಮುದುಕನನ್ನು ನೋಡಿ, ಟೋಪಿ ಮುಟ್ಟಿ ಮುಂದೆ ನಡೆದ.

"ನಾಳೆ ಮಾಡು ದೊಡ್ಡಪ್ಪ. ಅಪ್ಪ ಎಲ್ಲೂ ಹೋಗಲ್ಲ."

ಮನೆಗೆ ಬಂದಾಗ ಕಿಟಕಿಗಳಾಚೆ ಪೂರ್ತಿ ಕತ್ತಲು. ಬೆಟ್ಟದ ಮೈಮೇಲೆಲ್ಲ ಮನೆಮನೆಯ ದೀಪಗಳು. ತನ್ಮಯಿ ಒಂದು ಮೇಣದಬತ್ತಿ ಹಚ್ಚಿ ಕರಂಡದ ಪಕ್ಕದಲ್ಲಿಟ್ಟಳು. ಕಾಫಿ ತಂದು ಕೊಟ್ಟು ಎದುರಿಗೆ ಕೂತಳು. ಈಗ ಕೂಗುತ್ತಿರಲಿಲ್ಲ, ತುಟಿಯನ್ನು ನಿಧಾನವಾಗಿ ಆಡಿಸುತ್ತಿದ್ದಳು. ರಾಯರು ಮುಖ ಮುಂದೆ ಮಾಡಿ ಅರ್ಧ ಕೇಳಿ ಅರ್ಧ ನೋಡಿ ತಿಳಿದುಕೊಳ್ಳುತ್ತಿದ್ದರು. ಆಸ್ಪತ್ರೆಯ ಮಾತು ಬಂತು. ಕೊನೆಯ ದಿನ ಅವನಿಗೆ ನಾರ್ವೆಯ ಭಾಷೆ ಪೂರ್ತಿ ಮರೆತುಹೋಗಿತ್ತಂತೆ. ನರ್ಸಮ್ಮನ ಹತ್ತಿರ ಕನ್ನಡದಲ್ಲೇ ನೀರು ಕೇಳುತ್ತಿದ್ದನಂತೆ. ಇವಳು ತರ್ಜುಮೆ ಮಾಡಿ ಹೇಳಬೇಕು. ಅವನು ಹೋದಮೇಲೆ ಆಸ್ಪತ್ರೆಯ ಫೋನಿನಿಂದಲೇ ಬೆಂಗಳೂರಿಗೆ ಮಾಡಿದಳಂತೆ.

"ಆವತ್ತು ಫೋನಲ್ಲಿ," ಅಂದಳು ತನ್ಮಯಿ, "ದೊಡ್ಡಪ್ಪ, ನೀನು ಮೊದಲು..."

ಅಷ್ಟಕ್ಕೆ ನಿಲ್ಲಿಸಿದಳು. ರಾಯರು ಗಡಿಯಾರ ನೋಡಿದರು. ಮುಳ್ಳು ಕೆಂಪಿನೊಳಗಿತ್ತು.

ಅವಳು ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಳು. ರಾಯರೂ ಕೂತರು. ಬಾಯಿ ತೆರೆದು ಏನಾದರೂ ಹೇಳಿಬಿಡಬಹುದಿತ್ತು: ಓಲಗ ಇತ್ತು ಮಗು, ಜನ ಇದ್ದರು, ಹುಡುಗನ ಮುಂಜಿ. ಆದರೆ ಇಡೀ ಸಮುದ್ರ ಬಾಯಿ ಮುಚ್ಚಿಕೊಂಡ ಹೊತ್ತಿನಲ್ಲಿ ಹೇಗೆ ಮಾತಾಡುವುದು? ಮೇಣದಬತ್ತಿಯ ಉರಿ ನೇರವಾಗಿ ನಿಂತಿತ್ತು. ಅದರ ಬೆಳಕಿನಲ್ಲಿ ಅವಳ ಮೂಗು, ಅವರ ತಾಯಿಯ ಮೂಗು. ಆ ತಾಯಿ ಸಾಯುವಾಗ, "ವಾದಿ ದೂರ ಇದಾನೆ. ಅವನು ಕರೆದರೆ ಓಗೊಡು ಕಣೋ" ಅಂದಿದ್ದರು. ಯಾವ ಊರಿನ ಯಾವ ಯಾವ ತಾಯಂದಿರ ಮಕ್ಕಳೋ ನೀರಿನಲ್ಲಿ ಮುಳುಗುತ್ತಾ ಕೂಗಿದ್ದನ್ನು ಅವನು ಈ ಕೆಂಪು ಹೊತ್ತಿನಲ್ಲಿ ಕಾದು ಕೂತು ಕೇಳಿಸಿಕೊಂಡ. ಕೇಳಿಸಿತು, ಕೇಳಿಸಿತು ಎಂದು ಒಬ್ಬೊಬ್ಬರಿಗೂ ತಂತಿ ಬಡಿದು ಹೇಳಿದ. ಅವನ ಸಾವನ್ನು ಕೂಗಿದಾಗ, ಆ ತುದಿಯಲ್ಲಿ ಅವನ ಅಣ್ಣನಿದ್ದ. ರಾಯರಿಗೆ ಎದೆಯ ಕೆಳಗಿನಿಂದ ಏನೋ ಎದ್ದು ಬಂತು. ನುಂಗಲು ಹೋದರು, ಆಗಲಿಲ್ಲ. ಒಂದು ಬಿಕ್ಕು ಒಡೆದು ಹೊರಕ್ಕೆ ಬಂದಾಗ, ಕಿವಿಯೊಳಗೆ ಟಪ್ಪೆಂದಿತು.

ಮೊದಲು ಕೇಳಿಸಿದ್ದು ಮಳೆ. ಮರದ ಮಾಡಿನ ಮೇಲೆ, ಕಿಟಕಿಯ ಮೇಲೆ, ದೂರದ ನೀರಿನ ಮೇಲೆ, ಬೇರೆ ಬೇರೆಯಾಗಿ. ಆಮೇಲೆ ಗಡಿಯಾರದ ಟಿಕ್ಕು. ಎಲ್ಲೋ ಕೆಳಗೆ ಹಡಗಿನ ಒಂದು ಕೂಗು. ಆಮೇಲೆ ಎದುರಿಗೆ ಕೂತ ಹುಡುಗಿಯ ಉಸಿರು, ಶೀತ ಕಟ್ಟಿದ ಮಗುವಿನ ಉಸಿರಿನಂತೆ. ಇಡೀ ದಿನ ಅವಳು ಅಳು ನುಂಗುತ್ತಾ ಮಾತಾಡಿದ್ದಳೆಂದು ಈಗ ತಿಳಿಯಿತು.

ಮುಳ್ಳು ಕೆಂಪಿನಿಂದ ಹೊರಗೆ ಬಂತು.

"ಮೊದಲು ರಾಮ ರಾಮ ಅಂದೆ" ಎಂದು ತನ್ಮಯಿ ಬಿಟ್ಟಲ್ಲಿಂದ ಹಿಡಿದುಕೊಂಡಳು. "ಆಮೇಲೆ ಕೇಳಿಸ್ತಾ ಇಲ್ಲ ಅಂದೆ. ಅಪ್ಪ ಹೇಳಿದ್ದ, ಯಾರಾದ್ರೂ ಸತ್ರೆ ಅಣ್ಣ ರಾಮ ರಾಮ ಅಂತಾನೆ, ಬೇರೆ ಯಾವಾಗ್ಲೂ ಅನ್ನಲ್ಲ ಅಂತ. ಅದಕ್ಕೇ ನನಗೆ ಗೊತ್ತಾಯ್ತು."

"ಗೊತ್ತಾದ ಮೇಲೂ ಅಷ್ಟು ಸಲ ಯಾಕೆ ಕೂಗಿದೆ ಮಗು?"

ಅವಳು ಯೋಚಿಸಿದಳು. "ಇಲ್ಲಿ ಎಲ್ಲರಿಗೂ ಅವರ ಭಾಷೇಲಿ ಹೇಳ್ದೆ. ಡಾಕ್ಟ್ರಿಗೆ, ಪಕ್ಕದ ಮನೆಯವ್ರಿಗೆ. ಅಪ್ಪ ಹೋದ ಅಂತ ಹೇಳೋಕೆ ನೀನೊಬ್ಬನೇ ಇದ್ದೆ. ಸಾಕಾಗೋವರೆಗೂ ಹೇಳ್ದೆ. ಸಾಕಾಗ್ಲಿಲ್ಲ."

"ನನ್ನ ಮೇಲೆ ಕೋಪ ಬರ್ಲಿಲ್ವೇ?"

"ಬಂತು. ಈಗ್ಲೂ ಇದೆ. ಕಾಫಿ ಆರಿಹೋಗುತ್ತೆ, ಕುಡಿ."

ರಾಯರು ಕುಡಿದರು. ಲೋಟ ಕೆಳಗಿಟ್ಟು, ಎದ್ದು, ಗೋಡೆ ಹಿಡಿದುಕೊಂಡು ಗಡಿಯಾರದ ಕೆಳಗೆ ಹೋಗಿ ನಿಂತರು. ಕೈಯಲ್ಲಿ ದರ್ಭೆಯಿಲ್ಲ, ಎಳ್ಳಿಲ್ಲ. ಕಾಲಿಗೆ ಅವನದೇ ಕಾಲುಚೀಲ. ಕರಂಡದ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಜ್ವರ ಬಂದ ತಮ್ಮನ ಹಣೆ ಮುಟ್ಟಿ ನೋಡಿ ಜ್ವರ ಬಿಟ್ಟಿದೆ ಎಂದು ಅಮ್ಮನಿಗೆ ಹೇಳಲು ಓಡುತ್ತಿದ್ದ ಅಂಗೈ ಅದು.

"ಕೇಳಿಸ್ತು ಕಣೋ ವಾದಿ" ಅಂದರು. ದನಿ ಬರಲಿಲ್ಲ. ಗಟ್ಟಿಯಾಗಿ ಮತ್ತೆ ಅಂದರು. "ಆವತ್ತೇ ಕೇಳಿಸ್ತು."

ಹಿಂದೆ ತನ್ಮಯಿ ಎದ್ದು ಬಂದು ನಿಂತದ್ದು ಕೇಳಿಸಿತು. ರಾಯರು ಕಣ್ಣು ಮುಚ್ಚಿದರು. ಸಂಸ್ಕೃತ ಬರಲಿಲ್ಲ; ಬಂದದ್ದು ಅವಳಿಗೂ ತಿಳಿಯುವ ಮಾತು.

"ಸ್ವಾಮಿ ನಾರಾಯಣ, ಹೊತ್ತು ಮೀರಿದೆ, ಸೂರ್ಯನಿಲ್ಲ, ಮಂತ್ರ ಹೇಳುವ ವೇಳೆಯಲ್ಲ. ಬರಿಯ ಬಾಯಲ್ಲಿ ಬೇಡ್ತೀನಿ. ನಮ್ಮ ವಾದಿರಾಜ ಕಡಲಿನ ಕತ್ತಲಲ್ಲಿ ಯಾರು ಕೂಗಿದರೂ ಓಗೊಟ್ಟವನು. ಈಗ ಅವನು ಕೂಗಿದರೆ ನೀನು ಓಗೊಡು. ನನ್ನ ಹಾಗೆ ಮಾಡಬೇಡ. ಅವನಿಗೆ ಹಸಿವು, ನೀರಡಿಕೆ, ಚಳಿ ಒಂದೂ ತಾಗದಿರಲಿ. ಗದ್ದಲವಿಲ್ಲದ ಕಡೆ, ನಿನ್ನ ಪಾದದ ಹತ್ತಿರ, ಅವನಿಗೆ ಒಂದಿಷ್ಟು ಜಾಗ ಕೊಡು. ಬಹಳ ವರ್ಷ ಕಿವಿಗೊಟ್ಟು ದಣಿದಿದಾನೆ. ಇನ್ನು ಅವನ ಕಿವಿಗೆ ನಿನ್ನ ಶಾಂತಿಯೊಂದೇ ಕೇಳಿಸಲಿ."